ರಘು ಕಾರಿನ ಬಾಗಿಲಲ್ಲಿ ಗುಳ್ಳೆ ಕಂಡಿದ್ದು ನನಗೇ

ಫ್ರೆಂಡ್ಸ್, ಎರಡು ವರ್ಷದಿಂದ ನನ್ನ ಮೊಬೈಲಿನ ವಾಲ್‌ಪೇಪರ್ ಆಗಿದ್ದ ಕೆಂಪು ಕಾರು ಇವತ್ತು ಸೊರಬಕ್ಕೆ ಬಂತು. ನನಗಲ್ಲ, ನನ್ನ ಕ್ಲಾಸ್‌ಮೇಟ್ ರಘುಗೆ. ನಮ್ಮ ಈ ಕಾರಿನ ಗ್ರೂಪಿನಲ್ಲಿ ಒಂದು ಮೆಸೇಜೂ ಓದದವನಿಗೆ!

ಶಿಕಾರಿಪುರದಿಂದ ಬಸ್ಸು ಹಿಡಿದು ಹೋದೆ. ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರೆ, ನಾನು ಗ್ರೂಪಿನಲ್ಲಿ ಕಲಿತ ಹಾಗೆ ಮೊಬೈಲ್ ಟಾರ್ಚ್ ಹಾಕಿ ಪೇಂಟ್ ನೋಡುತ್ತ ಹೋದೆ. ಹಿಂದಿನ ಬಾಗಿಲಲ್ಲಿ ಸಿಕ್ಕೇಬಿಟ್ಟವು, ಸಾಸಿವೆ ಗಾತ್ರದ ಗುಳ್ಳೆಗಳು! ಪಕ್ಕದಲ್ಲೇ ಬಣ್ಣ ಇಳಿದು ಒಣಗಿದ ಗೆರೆ.

"ಲೇ ರಘು, ಪೇಂಟ್ ಡಿಫೆಕ್ಟ್ ಐತಲೋ! ವಾಪಸ್ ಕೊಟ್ಬಿಡು!" ಎಂದೆ. ಬೇಜಾರಿನ ಮುಖ ಮಾಡಲು ನೋಡಿದೆ, ನಗು ತಡೆಯಲಾಗಲಿಲ್ಲ.

ರಘು ಮುಖ ಸಪ್ಪಗಾಯಿತು. ಫೋಟೊ ತೆಗೆದು ಶೋರೂಮಿಗೆ ಕಳಿಸಿದ. ಅವನ ಅಜ್ಜಿ ಮಾತ್ರ, "ಬೆಳಿಗ್ಗೆ ಬಂದಾಗ ನುಣ್ಣಗಿತ್ತಪ್ಪ. ಯಾರ್ದೋ ಕಣ್ಣು ಬಿದ್ದದೆ," ಎಂದು ಉಪ್ಪು, ಒಣಮೆಣಸಿನಕಾಯಿ ತಂದರು. ಕಾರಿಗೆ ನಿವಾಳಿಸಿ, ಮುಷ್ಟಿಯನ್ನು ಸೀದಾ ನನ್ನ ಮುಂದೆ ಹಿಡಿದರು.

"ತಮಾ, ಮೂರ್ ಸಲ ಉಗುಳು. ಚೆನ್ನಾಗಿ ಉಗುಳು."

ಉಗುಳಿದೆ. ಅದನ್ನು ಒಲೆಗೆ ಹಾಕಿ, "ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಆಗಿದ್ದು ಹೌದು," ಎಂದರು.

ಮೆಣಸಿನಕಾಯಿ ಸುಟ್ಟು ಕರಕಲಾಯಿತು. ಯಾರಿಗೂ ಒಂದು ಸೀನೂ ಬರಲಿಲ್ಲ. ಅಜ್ಜಿ ನನ್ನನ್ನೇ ನೋಡುತ್ತ ನಿಂತರು. ಬೇರೆ ದಾರಿ ಕಾಣದೆ ನಾನೇ ಜೋರಾಗಿ ಕೆಮ್ಮತೊಡಗಿದೆ.

"ಪಾಪ, ಇವನಿಗೆ ಹುಷಾರಿಲ್ಲ ಕಣಜ್ಜಿ," ಎಂದ ರಘು, ಅದೇ ಕಾರಿನಲ್ಲಿ ನನ್ನನ್ನು ಶಿಕಾರಿಪುರದವರೆಗೆ ಬಿಟ್ಟುಹೋದ. ದಾರಿಯಲ್ಲೇ ಶೋರೂಮಿನವರ ಫೋನು ಬಂತು. ಬಾಗಿಲನ್ನೇ ಹೊಸದು ಹಾಕಿಕೊಡುತ್ತಾರಂತೆ.

ಥೂ, ಸೀಟೂ ಎಷ್ಟು ಚೆನ್ನಾಗಿದೆ ಗೊತ್ತಾ!