ರೇಡಿಯೋ ಅಂಗಡಿಯವನ ತಪ್ಪುಕಾಣಿಕೆ

ಮಗಳು ಮನೆಗೆ ಬಂದಳು. ಅಳಿಯನೂ ಬಂದರು, ಮೊಮ್ಮಗಳೂ ಬಂದಳು. ಇದನ್ನು ಮೊದಲು ಹೇಳದಿದ್ದರೆ ಮುಂದಿನದು ನನ್ನಿಂದ ಬರೆಯಲಾಗುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಸಂತೋಷಕ್ಕೆ ಅಷ್ಟು ಓದು ಸಾಕು ಅಂತ ಬರೆಯಲು ಕೂತಿದ್ದೇನೆ.

ನಮ್ಮದು ಗಾಳಿಬೀಡು. ಮಗಳನ್ನು ಕೊಟ್ಟದ್ದು ಕಕ್ಕಬೆಗೆ. ಮೊಮ್ಮಗಳು ಅಂಬೆಗಾಲಿಡುತ್ತಿದ್ದ ಸಮಯ, ಒಳ್ಳೆಮೆಣಸಿನ, ಅಂದರೆ ಕರಿಮೆಣಸಿನ, ಕೊಯ್ಲಿಗೆ ಸಹಾಯ ಮಾಡಲು ಅಳಿಯ ಮಗಳು, ಮಗುವಿನ ಜೊತೆ ಬಂದಿದ್ದರು. ಒಣಗಿಸಿ ಕಟ್ಟಿಟ್ಟ ಒಂದು ಮೂಟೆ ಕಾಣಲಿಲ್ಲ. ನಮ್ಮ ಯಜಮಾನರು ಅಂಗಳದಲ್ಲಿ ಆಳುಗಳು, ನೆರೆಯವರು ಎಲ್ಲರ ಎದುರು ಅಳಿಯನನ್ನು ನೋಡಿ, "ಮೂಟೆಗೆ ಕಾಲಿಲ್ಲೆ, ಬಂದವರಿಗೆ ಉಂಟು" ಅಂದುಬಿಟ್ಟರು. ಅಳಿಯ ಹೆಂಡತಿ, ಮಗುವನ್ನು ಕರೆದುಕೊಂಡು ಹೊರಟುಹೋದರು.

ವಾರದೊಳಗೆ ಮೂಟೆ ಸಿಕ್ಕಿತು. ನೆರೆಮನೆಯ ಮೂಟೆಗಳ ಜೊತೆ ಗಾಡಿಯವನು ಅದನ್ನೂ ಮಡಿಕೇರಿಯ ಮಂಡಿಗೆ ಇಳಿಸಿದ್ದ. ಯಜಮಾನರು ಸ್ನಾನ ಮಾಡಿ, ನಾಣ್ಯವನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿ, ದೇವಸ್ಥಾನದಲ್ಲಿ ತಪ್ಪುಕಾಣಿಕೆ ಇಟ್ಟು ಬಂದರು. "ಆತು, ಇನ್ನು ಆ ಮಾತು ಬೇಡ" ಅಂದರು. ಅವರ ಪಾಲಿಗೆ ಮುಗಿದಿತ್ತು. ಆದರೆ ಊರವರಿಗೂ ಹೇಳಲಿಲ್ಲ, ಕಕ್ಕಬೆಗೂ ಒಂದು ಮಾತು ಹೋಗಲಿಲ್ಲ.

ಮನೆಯಲ್ಲಿ ಮಗ ಇದ್ದ, ಸೊಸೆ ಇದ್ದಳು. ಆದರೂ ನಾನು ಒಬ್ಬಳೇ. ಮಗಳ ಹೆಸರು ತೆಗೆದರೆ ಯಜಮಾನರು ಎದ್ದು ತೋಟಕ್ಕೆ ಹೋಗುತ್ತಿದ್ದರು, ಆದ್ದರಿಂದ ಹೆಸರು ತೆಗೆಯುವುದನ್ನೇ ಬಿಟ್ಟೆ. ಪಕ್ಕದ ಮನೆಯ ಹುಡುಗಿ ನನ್ನ ಮೊಮ್ಮಗಳ ಓರಗೆಯವಳು. ಅವಳು ಉದ್ದ ಆದಾಗ ನನ್ನವಳೂ ಇಷ್ಟು ಉದ್ದ ಆಗಿರಬೇಕು ಅಂದುಕೊಳ್ಳುತ್ತಿದ್ದೆ. ಅವಳ ಮುಂದಿನ ಹಲ್ಲು ಬಿದ್ದಾಗ, ಕಾಣದ ಇನ್ನೊಂದು ಬೊಚ್ಚುಬಾಯಿ ನೆನೆದು ಹಟ್ಟಿಯಲ್ಲಿ ಸಗಣಿ ಬಾಚುತ್ತ ನಕ್ಕೆ. ಒಬ್ಬಳೇ ನಗುವುದು ಅಳುವುದಕ್ಕಿಂತ ಕಷ್ಟ.

ಆಗ ನಮ್ಮ ಕಡೆ ರೇಡಿಯೋ ಇದ್ದದ್ದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲಿ. ವಾರಕ್ಕೊಂದು ಸಂಜೆ ಒಂದು ನಗೆನಾಟಕ ಬರುತ್ತಿತ್ತು. ಅದನ್ನು ಕೇಳಲು ರೈಟರ ಜಗಲಿ ತುಂಬ ಜನ. ನಾಟಕದಲ್ಲಿ ಒಬ್ಬ ಅಂಗಡಿಯವನು. ಪ್ರತಿ ವಾರವೂ ಇನ್ನು ಒಳ್ಳೆಯವನಾಗುತ್ತೇನೆ ಅಂತ ಶುರು ಮಾಡುವನು, ಮುಗಿಯುವುದರೊಳಗೆ ಕೆಡುವನು. ಒಂದು ವಾರ ತಕ್ಕಡಿಯ ಅಡಿಗೆ ಅಂಟಿಸಿದ್ದ ಹುಣಿಸೆಹಣ್ಣು ಕಿತ್ತು ಬಿಸಾಡಿದ, ಮರುವಾರ ತಕ್ಕಡಿಗೆ ಹೆಬ್ಬೆರಳು ಒತ್ತಿದ. ಆದರೂ ಅವನು ಎಳ್ಳಿನಷ್ಟು ಎಳ್ಳಿನಷ್ಟೇ ಸರಿಯಾಗುತ್ತಿದ್ದ, ಅದಕ್ಕೇ ನಾವು ಬಿಡದೆ ಹೋಗುತ್ತಿದ್ದದ್ದು. ನಾಟಕ ಮುಗಿದ ಮೇಲೆ ಜಗಲಿಯಲ್ಲೇ ಅವನ ಪಂಚಾಯ್ತಿ. "ದಂಡ ಹಾಕಿ ಅವ್ನಿಗೆ" ಅಂತ ಒಬ್ಬರು, "ಪಾಪ, ಈ ವಾರ ಬರೀ ಬೆರಳಲ್ಲವಾ, ಬಿಡಿ" ಅಂತ ಇನ್ನೊಬ್ಬರು. ಎಲ್ಲರಿಗಿಂತ ಬಿಗಿಯಾಗಿ ನ್ಯಾಯ ಹೇಳುತ್ತಿದ್ದದ್ದು ನಮ್ಮ ಯಜಮಾನರು.

ಒಂದು ಸಂಜೆ ಆ ಅಂಗಡಿಯವನು ಒಬ್ಬ ಮುದುಕಿಗೆ ಬೆಲ್ಲ ಕಡಿಮೆ ತೂಗಿದ. ಆಮೇಲೆ ಹೆದರಿಕೆಯಾಗಿ ದೇವಸ್ಥಾನಕ್ಕೆ ಓಡಿ, ಕಾಣಿಕೆ ಹಾಕಿ, ಮನೆಗೆ ಬಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ. ಅವಳು ಕೇಳಿದಳು, "ಬೆಲ್ಲ ಕಮ್ಮಿ ಬಿದ್ದದ್ದು ದೇವರಿಗಾ?"

ಜಗಲಿಯೆಲ್ಲ ನಕ್ಕಿತು. ಯಜಮಾನರೂ ತೊಡೆ ತಟ್ಟಿಕೊಂಡು ನಕ್ಕರು. ತಟ್ಟಿದ ಕೈ ತೊಡೆಯ ಮೇಲೆಯೇ ಉಳಿಯಿತು. ನಾನು ಅವರ ಮುಖ ನೋಡಲಿಲ್ಲ.

ವಾಪಸು ಬರುವಾಗ ತೋಡಿನ ನೀರು ದಾಟಿದ ಮೇಲೆ ಅವರೇ ಬಾಯಿಬಿಟ್ಟರು. "ಆ ಹೆಂಗ್ಸು ಸರಿಯಾಗಿ ಕೇಳ್ತ್."

"ಯಾವ ಹೆಂಗ್ಸು?"

"ರೇಡಿಯೋದ್ದು."

"ಅವ್ಳಿಗೆ ಕೇಳುವ ಧೈರ್ಯ ಉಂಟು. ನಂಗಿಲ್ಲೆ" ಅಂದೆ.

ಮರುದಿನ ಬೆಳಿಗ್ಗೆ ಅವರು ಕಕ್ಕಬೆಗೆ ಬಸ್ಸು ಹತ್ತಿದರು. ನಾನು ಕೋಳಿ ಹಿಡಿಸಿದೆ, ಹೊಸ ಚಾಪೆ ಹಾಸಿದೆ. ಸಂಜೆಗೆ ಅವರು ಒಬ್ಬರೇ ಬಂದರು. ನಾನು ಒಲೆಯ ಕಡೆ ತಿರುಗಿ ನಿಂತೆ.

ಅಳಿಯ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟರಂತೆ. ಎಲ್ಲ ಕೇಳಿದ ಮೇಲೆ, "ಮಾವ, ನಂಗೆ ಇಷ್ಟು ಸಾಕು. ಆದರೆ ಅಂಗಳದಲ್ಲಿ ನಿಂತು ಕೇಳಿದವ್ರಿಗೆ? ಅವ್ರಿಗೆ ನಾನು ಇವತ್ತೂ ಕಳ್ಳನೇ" ಅಂದರಂತೆ. ಯಜಮಾನರು ಅದಕ್ಕೆ ಹೇಳಿದ್ದು ಇಷ್ಟೇ: "ರೇಡಿಯೋ ದಿನ ಬಾ."

ಆ ವಾರವೆಲ್ಲ ನನಗೆ ಒಂದೇ ಹೆದರಿಕೆ. ಜನರೆದುರು ತಲೆ ತಗ್ಗಿಸಿದವರಲ್ಲ ಅವರು. ಕೊನೆಯ ಗಳಿಗೆಯಲ್ಲಿ ಸೊಂಟ ನೋವು ಅಂತ ಮಲಗಿದರೆ, ನನ್ನ ಮಗಳು ಇನ್ನು ಈ ಜನ್ಮಕ್ಕೆ ಬರುವುದಿಲ್ಲ.

ಅವರು ಮಲಗಲಿಲ್ಲ. ರೈಟರ ಅಂಗಳದಲ್ಲಿ ಮಗಳು, ಅಳಿಯ, ಮೊಮ್ಮಗಳು ಬಸ್ಸಿಳಿದು ಬಂದು ನಿಂತಿದ್ದರು. ಜಗಲಿ ಹತ್ತಲಿಲ್ಲ. ಯಜಮಾನರು ಎದ್ದು ನಿಂತು, "ರೈಟರೇ, ರೇಡಿಯೋ ಸ್ವಲ್ಪ ಸಣ್ಣ ಮಾಡಿ" ಅಂದರು. ಆಮೇಲೆ ಜನರ ಕಡೆ ತಿರುಗಿ ಹೇಳಿದರು, "ನನ್ನ ಅಳಿಯ ಮೆಣಸು ಕದ್ದಿಲ್ಲೆ. ಮೂಟೆ ಮಂಡಿಯಲ್ಲಿ ಸಿಕ್ಕಿದೆ ಅಂತ ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನಂದು."

ಮೂಲೆಯಿಂದ ಒಬ್ಬ ಮುದುಕಿ, "ಆತಲ್ಲ, ಇನ್ನು ರೇಡಿಯೋ ಜೋರು ಮಾಡಿ. ಆ ಅಂಗಡಿಯವ ಇವ್ರಿಂದ ಕಲಿಯುವುದು ಉಂಟು" ಅಂದಳು. ನಗೆ ಎದ್ದಿತು. ಅಳಿಯ ಮೆಟ್ಟಿಲು ಹತ್ತಿ ಬಂದು ಮಾವನ ಪಕ್ಕ ಕೂತರು. ಆ ವಾರದ ನಾಟಕ ಏನಾಯಿತೋ ನನಗೆ ಗೊತ್ತಿಲ್ಲ. ಮಗಳ ಸೆರಗಿನ ಹಿಂದಿನಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು, ನಾನು ಅವನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು, ಗಂಡಸರು ಮೊದಲು ಅನ್ನುವುದನ್ನು ಯಾರೂ ನೆನಪು ಮಾಡಲಿಲ್ಲ. ಅಕ್ಕಿರೊಟ್ಟಿ, ಕೋಳಿಸಾರು. ಮೊಮ್ಮಗಳಿಗೆ ಎಷ್ಟು ರೊಟ್ಟಿ ಬೇಕು ಅನ್ನುವುದೂ ನನಗೆ ಗೊತ್ತಿರಲಿಲ್ಲ. ಒಂದು ಹಾಕಿದೆ. ತಿಂದು ಮುಗಿಸಿ ತಟ್ಟೆ ನನ್ನ ಕಡೆ ತಳ್ಳಿದಳು. ಇನ್ನೊಂದು ಹಾಕಿದೆ.