ನೋಡದೆಯೇ ಅತ್ತವರ ಊರಿನಲ್ಲಿ

ಕೊಪ್ಪಕ್ಕೆ ಬಂದ ಮೊದಲ ಶನಿವಾರ ಮನೆ ಒಡತಿ ವಿಮಲಮ್ಮ ಮೆಟ್ಟಿಲು ಹತ್ತಿ ಬಂದಳು. ಊಟವಾಯಿತೇ ಎಂದು ಕೇಳಲಿಲ್ಲ. "ಈ ವಾರ ಎಂತ ನೋಡಿದ್ರಿ ಅಮ್ಮ?" ಎಂದಳು.

"ಏನ್ ನೋಡ್ಲಿ? ಮೋಡ ನೋಡೇನಿ."

"ಅದಲ್ಲ ಮಾರಾಯ್ರೆ! ಸಿನಿಮಾ, ನಾಟಕ. ಪುಸ್ತಕ ಓದಿದ್ರೂ ಅಡ್ಡಿಲ್ಲ."

ಗದಗಿನ ಕಡೆಯ ನಮ್ಮ ಓಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗಳು ಶಾಂತಾ ನರ್ಸು. ಇಲ್ಲಿಗೆ ವರ್ಗವಾಯಿತು, ಅವಳ ಹಿಂದೆ ನಾನೂ ಬಂದೆ. ವಿಮಲಮ್ಮನ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಇಲ್ಲಿ ಸೊಪ್ಪು ಅರೆದು ಮಜ್ಜಿಗೆಗೆ ಕಲಸಿ ತಂಬುಳಿ ಎನ್ನುತ್ತಾರೆ. ಖಾರವೂ ಇಲ್ಲ, ಧೈರ್ಯವೂ ಇಲ್ಲ. ಜನರೂ ಹಾಗೆಯೇ. ಮಗಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದರೆ ನನ್ನೊಡನೆ ಮಾತಾಡಲು ಉಳಿಯುವುದು ಗೋಡೆ. ಹಾಗಾಗಿ ವಿಮಲಮ್ಮನ ಜಗಲಿ, ಅವಳ ಕಾಫಿ, ಅಲ್ಲಿ ಸೇರುವ ಹೆಂಗಸರು, ಇಷ್ಟೇ ನನಗೆ ಊರು.

ಅವರದೊಂದು ಫೋನಿನ ಗುಂಪು, ಅದಕ್ಕೆ ನನ್ನನ್ನೂ ಸೇರಿಸಿಕೊಂಡರು. ಯಾವ ಪುಸ್ತಕ ಓದಬೇಕು, ಯಾವ ಸಿನಿಮಾ ನೋಡಬೇಕು ಎಂದು ಪ್ರತಿ ಶನಿವಾರ ಒಬ್ಬರಿಗೊಬ್ಬರು ಹೇಳುತ್ತಾರೆ. ಶೃಂಗೇರಿಯಾಕೆ ಸಂಗೀತ ಕಳಿಸುತ್ತಾಳೆ, ನರಸಿಂಹರಾಜಪುರದ ಟೀಚರು ಕಾದಂಬರಿ. ಕಳಿಸಿದ ಗಳಿಗೆಯಲ್ಲೇ "ಮನಮುಟ್ಟುವಂತಿದೆ" ಎಂದು ಎಲ್ಲರೂ ಬರೆಯುತ್ತಾರೆ. ಮುನ್ನೂರು ಪುಟದ ಪುಸ್ತಕ ಹಾಲು ಉಕ್ಕುವಷ್ಟರಲ್ಲಿ ಹೇಗೆ ಮನ ಮುಟ್ಟಿತೋ! ನಮ್ಮ ಕಡೆ ನಾಟಕ ಹೊಲಸಾಗಿದ್ದರೆ ಮರುದಿನ ನೀರಿಗೆ ನಿಂತಾಗಲೇ ಹೊಲಸು ಎನ್ನುತ್ತಿದ್ದೆವು. ಇಲ್ಲಿಯವರಿಗೆ ಆ ಶಬ್ದವೇ ಗೊತ್ತಿಲ್ಲ. ನಾನು ಓದಿದ್ದು ಮೂರನೆಯ ಇಯತ್ತೆ. ಪುಸ್ತಕ ನನ್ನಿಂದಾಗದು. ಆದರೆ ಕಳಿಸಿದ ಸಿನಿಮಾಗಳನ್ನು ಪೂರ್ತಿ ನೋಡುತ್ತಿದ್ದೆ, ಹೊತ್ತು ಹೋಗಬೇಕಲ್ಲ.

ಒಂದು ಶನಿವಾರ ವಿಮಲಮ್ಮನ ಸೊಸೆ ಸುಮಾ ತಾನೇ ಮಾಡಿದ ಸಣ್ಣ ಸಿನಿಮಾ ಹಾಕಿದಳು. ಜಗಳವಾಡಿ ಮಾತು ಬಿಟ್ಟ ಅಕ್ಕ ತಂಗಿಯರ ಕಥೆ, ಇಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ತೆಗೆದದ್ದು. ಸೋಮವಾರ ಅದನ್ನೇ ಶಿವಮೊಗ್ಗದ ಸ್ಪರ್ಧೆಗೆ ಕಳಿಸುವವಳಿದ್ದಳು. ಎರಡು ವರ್ಷದ ಒದ್ದಾಟ ಅದರಲ್ಲಿತ್ತು. ಹೊಗಳಿಕೆ ಸುರಿಯಿತು. "ಕೊನೆಗೆ ಅಕ್ಕ ಆಡುವ ಮಾತು ಕೇಳಿ ಕಣ್ಣೀರು ಬಂತು" ಎಂದು ಟೀಚರು ಬರೆದಳು.

ನಾನು ನೋಡಿದೆ. ಅರ್ಧದಿಂದಾಚೆ ದನಿಯೇ ಇಲ್ಲ! ತುಟಿ ಅಲ್ಲಾಡುತ್ತವೆ, ಮಾತಿಲ್ಲ. ಸುಮಾಳನ್ನು ಮೇಲೆ ಕರೆದೆ.

"ನಿಮ್ಮ ಫೋನೇ ಹಾಳಾಗಿರ್ಬೇಕು ಅಮ್ಮ. ಎಲ್ಲರೂ ಕೊನೆ ಮಾತನ್ನೇ ಹೊಗಳಿದಾರೆ."

"ನಿನ್ನ ಫೋನ್‌ದಾಗ ತೆಗಿ. ಅವ್ರಿಗೆ ಕಳ್ಸಿದ್ದನ್ನೇ ತೆಗಿ."

ತೆಗೆದಳು. ಅಕ್ಕ ಮೀನಿನಂತೆ ಬಾಯಿ ಬಿಟ್ಟು ಮುಚ್ಚಿದಳು. ಸುಮಾಳ ಮುಖ ಸುಣ್ಣವಾಯಿತು. ಫೋನು ಹಿಡಿದುಕೊಂಡೇ ಕೆಳಗಿಳಿದಳು. ನಾನು ಮೆಟ್ಟಿಲ ತುದಿಗೆ ನಿಂತೆ.

"ಅತ್ತೆ, ಕೊನೆಗೆ ಅಕ್ಕ ಎಂತ ಹೇಳ್ತಾಳೆ?"

"ಒಳ್ಳೆ ಮಾತೇ ಹೇಳ್ತಾಳಲ್ಲ ಮಾರಾಯ್ತಿ... ಪ್ರೀತಿ ಬಗ್ಗೆ."

"ನೀವೂ ನೋಡ್ಲಿಲ್ಲ."

ಬಾಗಿಲು ಬಡಿದ ಸದ್ದಾಯಿತು. ಆಮೇಲೆ ವಿಮಲಮ್ಮನ ದನಿ ಮಹಡಿಗೇ ಕೇಳುವಂತೆ ಏರಿತು: "ಬಾಡಿಗೆಗೆ ಬಂದವ್ರು ನಮ್ಮನೆ ಒಡೀಲಿಕ್ಕೆ ಕೂತಿದಾರೆ!"

ಅಲ್ಲಿಗೆ ನನ್ನ ಜಗಲಿ ಮುಗಿಯಿತು. ಎದುರು ಸಿಕ್ಕರೆ ಹೆಂಗಸರು ಕೊಡೆ ಅಡ್ಡ ಹಿಡಿಯುತ್ತಾರೆ. ಸುಳ್ಳು ಹೇಳಿದವರು ಒಟ್ಟಿಗೆ ಕಾಫಿ ಕುಡಿಯುತ್ತಾರೆ.

ಸೋಮವಾರದ ಮುಂಜಾನೆ ಸುಮಾ ದನಿ ಸರಿಪಡಿಸಿಕೊಂಡು ಮತ್ತೆ ಹತ್ತಿ ಬಂದಳು. ನಾನು ಕೊನೆಯವರೆಗೂ ನೋಡಿದೆ.

"ಈಗ ಹೇಳಿ."

"ಈಗ ಕೇಳಸ್ತೈತಿ. ಆದ್ರ ಚಲೋ ಇಲ್ಲ."

ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ನೆಲದ ಮೇಲೆ ಕಾಲು ಮಡಚಿ ಕೂತಳು. "ಎಲ್ಲಿ?"

"ಅಕ್ಕ ಇಷ್ಟು ಲಗೂ ಅತ್ತರ ಹೆಂಗ? ಹತ್ತು ವರ್ಷ ಮಾತು ಬಿಟ್ಟಿದ್ದಾಕಿ, ಮೊದ್ಲು ಬೈಬೇಕು."

ಸ್ಪರ್ಧೆಗೆ ಅವಳು ಕಳಿಸಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ಬರುತ್ತಾಳೆ. ತೋರಿಸುತ್ತಾಳೆ, ಬೈಸಿಕೊಳ್ಳುತ್ತಾಳೆ, ತಿದ್ದುತ್ತಾಳೆ.

ಊರಿನಿಂದ ತಂಗಿ ಗಂಗವ್ವ ಫೋನು ಮಾಡುತ್ತಾಳೆ. "ಮಾತಾಡೋರು ಯಾರೂ ಇಲ್ದ ಊರಾಗ ಏನ್ ಮಾಡ್ತಿ? ಬಂದ್ಬಿಡಕ್ಕಾ." ಹೋಗುವ ಮನಸ್ಸು ದಿನವೂ ಆಗುತ್ತದೆ. ಅಲ್ಲಿ ಆಟ ಹಿಡಿಸದಿದ್ದರೆ ಚಾಪೆ ಸುತ್ತಿಕೊಂಡು ಎದ್ದು ಬರುತ್ತಿದ್ದವಳು ನಾನು. ಇಲ್ಲಿ ಒಂದು ಕೆಟ್ಟ ಸಿನಿಮಾದ ಮುಂದೆ ಮತ್ತೆ ಮತ್ತೆ ಕೂರುತ್ತಿದ್ದೇನೆ.