ಕುದಿಸಿದ ದ್ರಾಕ್ಷಾರಸ

ಸಮುದ್ರ ದಾಟಿ ಯೆರೂಸಲೇಮಿಗೆ ಬಂದ ಮೊದಲ ಶುಕ್ರವಾರವೇ ನನಗೆ ‘ಮುಟ್ಟಬೇಡ’ ಅಂದರು.

ಊಟದ ಮೇಜು ಒರೆಸುತ್ತ, ತೆರೆದಿಟ್ಟಿದ್ದ ದ್ರಾಕ್ಷಾರಸದ ಬಾಟಲಿ ಸರಿಸಲು ಕೈ ಚಾಚಿದ್ದೆ, ಅಷ್ಟೇ. ನಾನು ನೋಡಿಕೊಳ್ಳಲು ಬಂದ ಮುದುಕಿ ಗಾಲಿಕುರ್ಚಿಯಿಂದಲೇ ಚೀರಿದಳು: “ಹಾಥ್ ಮತ್ ಲಗಾ!” ಮುಂಬೈಯಲ್ಲಿ ಹುಟ್ಟಿ, ಹರೆಯದಲ್ಲಿ ಇಲ್ಲಿಗೆ ಬಂದ ಯೆಹೂದಿ ಹೆಂಗಸು. ಹಿಂದಿ ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ಚಲೋ ಇತ್ತು.

ನನಗೆ ಮೊದಲು ನೆನಪಾದದ್ದು ಕೆಲಸ ಕೊಡಿಸಿದ ಏಜೆಂಟನ ಮುಖ. ನಾನು ದೇವದುರ್ಗದ ಯಾವ ಓಣಿಯವಳು ಅಂತ ಅವನೇ ಇವಳ ಕಿವಿಯಲ್ಲಿ ಊದಿರಬೇಕು. ನಮ್ಮೂರಲ್ಲಿ ನಮ್ಮಜ್ಜನಿಗೆಂದು ಬೇರೆ ಇಟ್ಟ ಚಾ ಕಪ್ಪು ಅಂಗಡಿಯ ಹೊರಗಿನ ಗೂಟಕ್ಕೆ ತೂಗುತ್ತಿತ್ತಂತೆ. ನಾನು ರಾಯಚೂರಲ್ಲಿ ನರ್ಸಿಂಗ್ ಕಲಿತು ಮಾನ್ವಿಯ ಒಂದು ದವಾಖಾನೆ ಸೇರುವ ಹೊತ್ತಿಗೆ ಗೂಟ ಹೋಗಿತ್ತು, ಆದರೆ ನನ್ನ ಡಬ್ಬಿಯ ರೊಟ್ಟಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಇಲ್ಲಿ ಅಡುಗೆಮನೆ ನೋಡಿದರೆ ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ. ನನಗೂ ಒಂದು ಬೇರೆ ಇಟ್ಟಿರಬೇಕು ಅಂತ ಕಪಾಟುಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೂ ಸಂಶಯ ಬಂತು.

ಫೋನಿನಲ್ಲಿ ಅವ್ವ ಅಂದಳು, “ಆ ಮಾತು ಕೇಳಾಕ ಅಷ್ಟು ದೂರ ಯಾಕ ಹೋಗಬೇಕಿತ್ತವಾ? ಇಲ್ಲೇ ಕೇಳಬಹುದಿತ್ತಲ್ಲ. ಬ್ಯಾರೆ ಮನಿ ನೋಡ್ಕೋ.” ನಾನೂ ಹಾಗೇ ಅಂದುಕೊಂಡೆ. ಇವರ ಪೆಸಾಖ್ ಹಬ್ಬ ಮುಗಿಯಲಿ, ಈ ಮನೆ ಬಿಡುವುದೇ ಸೈ.

ಹಬ್ಬಕ್ಕೆ ಮನೆ ತಿಕ್ಕಿ ತೊಳೆಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. ಅವಳನ್ನು ನಾನು ‘ಸಾವ್ತಾ’ ಅಂತ ಕರೆಯುತ್ತೇನೆ, ಅಂದರೆ ಅಜ್ಜಿ. “ಸಾವ್ತಾ, ನನ್ನ ಜಾತಿ ನಿಮಗ ಯಾರು ಹೇಳಿದ್ರು?”

ಅವಳು ಕನ್ನಡಕ ತೆಗೆದಳು. “ನಿನ್ನ ಜಾತಿ ಕಟ್ಟಿಕೊಂಡು ನನಗೇನಾಗಬೇಕು? ವಿಗ್ರಹಗಳಿಗೆ ದ್ರಾಕ್ಷಾರಸ ಎರೆಯುತ್ತಿದ್ದ ಕಾಲದ ನಿಯಮ ಅದು. ಯೆಹೂದಿ ಅಲ್ಲದವರು ಮುಟ್ಟಿದರೆ ನಾವು ಕುಡಿಯೋದಿಲ್ಲ. ರಾಜ ಮುಟ್ಟಿದರೂ ಅಷ್ಟೇ.”

“ನಮ್ಮೂರಾಗೂ ಹಿಂಗೇ ಅಂತಾರ್ರೀ. ನಿನ್ನ ಮ್ಯಾಲೆ ಸಿಟ್ಟಿಲ್ಲ, ಹಿಂದಿಂದ ಬಂದದ್ದು ಅಂತ.”

ಸಾವ್ತಾ ಕನ್ನಡಕ ಹಾಕಿಕೊಂಡು ಗಾಲಿಕುರ್ಚಿಯನ್ನು ತನ್ನ ಕೋಣೆಯ ಕಡೆ ತಿರುಗಿಸಿದಳು. ಕೆಲಸ ಹೋಯಿತು ಅಂದುಕೊಂಡೆ.

ಹಬ್ಬದ ಊಟಕ್ಕೆ ಮಗ, ಸೊಸೆ, ಮೊಮ್ಮಕ್ಕಳು ಬಂದರು. ಈಜಿಪ್ಟಿನ ಜೀತದಿಂದ ಬಿಡುಗಡೆಯಾದ ಕತೆಯನ್ನು ಅಂದು ಓದುತ್ತಾರೆ. ಜೀತದ ಕತೆ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಉದ್ಧಾರಕ ಬರುವ ಸುದ್ದಿ ತರುವ ಪ್ರವಾದಿಗೆಂದು ಒಂದು ಬಟ್ಟಲು ತುಂಬಿಟ್ಟು, ಬಾಗಿಲು ತೆರೆದು ಕಾಯುತ್ತಾರೆ. ಸಾವ್ತಾ ಬಾಟಲಿಯನ್ನು ನನ್ನ ಕಡೆ ತಳ್ಳಿದಳು.

“ಆ ಬಟ್ಟಲಿಗೆ ನೀನೇ ಸುರಿ. ಇದು ಕುದಿಸಿದ ದ್ರಾಕ್ಷಾರಸ. ಕುದಿಸಿದ್ದನ್ನು ಯಾರು ಮುಟ್ಟಿದರೂ ನಡೆಯುತ್ತೆ. ಇನ್ನು ಈ ಮನೆಗೆ ಇದೇ ಬರುತ್ತೆ.”

ಸುರಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಈ ಹಾಳು ಮನಸ್ಸು ಬಿಡಬೇಕಲ್ಲ! ನನಗಾಗಿ ಕುದಿಸಿದ್ದೋ, ನನ್ನಿಂದ ಕಾಪಾಡಿಕೊಳ್ಳಲು ಕುದಿಸಿದ್ದೋ?

ಕೊನೆಗೆ ಎಲ್ಲರೂ ಹಾಡಿದರು: ಬರುವ ವರ್ಷ ಯೆರೂಸಲೇಮಿನಲ್ಲಿ, ಮರಳಿ ಕಟ್ಟಿದ ಯೆರೂಸಲೇಮಿನಲ್ಲಿ. ನನಗೆ ನಗು ಬಂತು. “ಇದೇ ಯೆರೂಸಲೇಮ್ ಅಲ್ಲೇನ್ರೀ ಸಾವ್ತಾ? ಕಿಟಕಿ ತೆಗೆದರ ಕಾಣತದ.”

“ಊರಿಗೆ ಬಂದು ಒಂದು ಆಯುಷ್ಯವೇ ಕಳೀತು, ಬೇಟಿ. ಬೇಡಿಕೊಂಡ ಊರು ಇನ್ನೂ ಬಂದಿಲ್ಲ,” ಅಂದಳು ಸಾವ್ತಾ. ಕಣ್ಣುಗಳು ಒದ್ದೆಯಾಗಿದ್ದವು. ಆ ಕಣ್ಣೀರಿನ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ.

ಮನೆ ಬಿಡಲಿಲ್ಲ. ಹಬ್ಬ ಮುಗಿದ ಮೇಲೆ ಅವ್ವ ಕೇಳಿದಳು, “ಊರಿಗೆ ಯಾವಾಗ ಬರ್ತಿ?”

“ಬರೋ ವರ್ಷ ದೇವದುರ್ಗದಾಗ ಇರ್ತೀನವ್ವಾ.”

“ಯಾಕ, ಈ ವರ್ಷ ಬಸ್ ನಿಂತಾವೇನು?”

“ಬಸ್ ಹೋಗೋ ದೇವದುರ್ಗ ಅಲ್ಲ. ಯಾರ ಮನ್ಯಾಗ ಬೇಕಾದ್ರೂ ನೀ ಒಳಗ ಹೋಗಿ, ಕೊಡ ಬಗ್ಗಿಸಿ ನೀರು ಕುಡಿಯೋ ದೇವದುರ್ಗ.”

ಹುಟ್ಟಿದಾಗಿನಿಂದ ದೇವದುರ್ಗ ಬಿಟ್ಟು ಹೋದವಳಲ್ಲ ಅವ್ವ.

“ಆ ಊರಿಗೆ ನಾನೂ ಇನ್ನಾ ಬಂದಿಲ್ಲವಾ,” ಅಂದಳು.